ಪ್ರತಿಕ್ರಿಯೆ: ವೆಬ್‌ಸೈಟ್ ಪ್ರಾಜೆಕ್ಟ್ ವರದಿಯ ‘ಕಲಿತ ಪಾಠಗಳು’ ಭಾಗಕ್ಕೆ ಏನು ಬರೆಯಬೇಕು?

‘ಟೀಮ್‌ವರ್ಕ್ ಕಲಿತೆವು’ ಬಿಟ್ಟು ಬೇರೇನೂ ಹೊಳೆಯುತ್ತಿಲ್ಲ ಅಂದಿದ್ದೀರಿ. ಆದರೆ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಕಾಣುತ್ತಿದ್ದ ಚಿತ್ರಗಳು ಸರ್ವರ್‌ಗೆ ಹಾಕಿದ ಮೇಲೆ ಮಾಯವಾದವು ಅಂತ ನೀವೇ ಬರೆದಿದ್ದೀರಲ್ಲ, ಮೊದಲ ಪಾಠ ಅದೇ.

ಬಹುಮಟ್ಟಿಗೆ ಕಾರಣ ಇದು: ಚಿತ್ರಗಳ ಫೋಲ್ಡರ್ ಹೆಸರಿನಲ್ಲಿ ಇಂಗ್ಲಿಷ್ ದೊಡ್ಡಕ್ಷರ (ಕ್ಯಾಪಿಟಲ್), ಕೋಡ್‌ನಲ್ಲಿ ಚಿಕ್ಕಕ್ಷರ. ವಿಂಡೋಸ್ ಎರಡನ್ನೂ ಒಂದೇ ಅಂತ ತಗೊಳ್ಳುತ್ತೆ, ಲಿನಕ್ಸ್ ಸರ್ವರ್ ತಗೊಳ್ಳಲ್ಲ, 404 (‘ಫೈಲ್ ಸಿಗಲಿಲ್ಲ’ ಎಂಬ ದೋಷ) ಕೊಡುತ್ತೆ. ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿ, ಯಾವ ಫೈಲ್ ಬಂತು ಯಾವುದು ಬರಲಿಲ್ಲ ಅಂತ ತೋರಿಸುವ ನೆಟ್‌ವರ್ಕ್ ಟ್ಯಾಬ್ ತೆರೆದು ಖಚಿತ ಮಾಡಿಕೊಳ್ಳಿ. ಸರಿಪಡಿಸುವಾಗ ಹೆಸರಿನ ದೊಡ್ಡಕ್ಷರವನ್ನು ಬರೀ ಚಿಕ್ಕಕ್ಷರ ಮಾಡಿದರೆ ವಿಂಡೋಸ್‌ನಲ್ಲಿ ಗಿಟ್ (ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ತಂತ್ರಾಂಶ) ಸಾಮಾನ್ಯವಾಗಿ ಗಮನಿಸುವುದೇ ಇಲ್ಲ. ಹೆಸರು ಬದಲಿಸುವ ‘ಗಿಟ್ ಎಂವಿ’ (git mv) ಆದೇಶ ಬಳಸಿ ಮೊದಲು ಬೇರೊಂದು ಹೆಸರಿಡಿ, ಆಮೇಲೆ ಬೇಕಾದ ಹೆಸರಿಗೆ ತನ್ನಿ.

ವರದಿಯಲ್ಲಿ ಇದನ್ನೇ ಬರೆಯಿರಿ: ಏನು ಕೆಟ್ಟಿತು, ಯಾಕೆ, ಹೇಗೆ ಪತ್ತೆಯಾಯಿತು, ಮುಂದಿನ ಸಲ ಏನು ಬದಲಿಸುತ್ತೀರಿ. (ಕೊನೆಯದಕ್ಕೆ ಉತ್ತರ: ಎಲ್ಲ ಫೈಲ್ ಹೆಸರೂ ಚಿಕ್ಕಕ್ಷರದಲ್ಲಿ, ಮೊದಲ ವಾರವೇ ಒಂದು ಖಾಲಿ ಪುಟವನ್ನಾದರೂ ಸರ್ವರ್‌ಗೆ ಹಾಕುವುದು.)

ಉಳಿದ ಪಾಠಗಳಿಗೆ ನೆನಪನ್ನು ನಂಬಬೇಡಿ, ಹಳೆಯ ಬದಲಾವಣೆಗಳ ಪಟ್ಟಿ ತೋರಿಸುವ ‘ಗಿಟ್ ಲಾಗ್’ (git log) ಓದಿ. ಒಂದೇ ಫೈಲನ್ನು ಪದೇಪದೇ ತಿದ್ದಿದ ಕಡೆ ಏನೋ ಇರುತ್ತೆ. ಹಾಗೆ ಓದುವಾಗ ಡೇಟಾಬೇಸ್ ಪಾಸ್‌ವರ್ಡ್ ಹಳೆಯ ಕಮಿಟ್‌ನಲ್ಲಿ (ಗಿಟ್‌ನಲ್ಲಿ ಉಳಿಸಿದ ಬದಲಾವಣೆಯಲ್ಲಿ) ಕಂಡರೆ, ಫೈಲ್ ಅಳಿಸಿದರೆ ಸಾಲದು, ಇತಿಹಾಸದಲ್ಲಿ ಉಳಿದಿರುತ್ತೆ. ಪಾಸ್‌ವರ್ಡನ್ನೇ ಬದಲಿಸಿ, ವರದಿ ಆಮೇಲೆ.