ಎಂಟು ದಿನ ರಜೆ, ಊರಿನಿಂದ ಅಪ್ಪ ಅಮ್ಮ ಬರುತ್ತಿದ್ದಾರೆ: ಅಮೆರಿಕದೊಳಗೆ ನಿಮಗೆ ಇಷ್ಟವಾದ ಪ್ರವಾಸದ ಜಾಗಗಳು ಯಾವುವು?

ಲಾಸ್ ವೇಗಸ್, ಗ್ರ್ಯಾಂಡ್ ಕ್ಯಾನಿಯನ್, ಜಾಯನ್, ಯೊಸೆಮಿಟಿ, ಸಾಧ್ಯವಾದರೆ ಯೆಲ್ಲೋಸ್ಟೋನ್ ಕೂಡ. ಅದೂ ಆಗಸ್ಟಿನಲ್ಲಿ, ಎಂಟೇ ದಿನದಲ್ಲಿ. ನಿಮ್ಮ ಪಟ್ಟಿ ಓದಿದಾಗ ನನ್ನ ಹಳೆಯ ಡೈರಿಯನ್ನು ಯಾರೋ ಕದ್ದಿದ್ದಾರೆ ಎನಿಸಿತು. 2016ರ ಜೂನ್ ಕೊನೆಯ ವಾರ ನಾನೂ ಇದನ್ನೇ ಮಾಡಲು ಹೊರಟಿದ್ದೆ.

ಆಗ ಸ್ಯಾನ್ ಹೋಸೆಯಲ್ಲಿದ್ದೆ. ಅಪ್ಪ ಅಮ್ಮ ಸಾಗರದಿಂದ ಮೊದಲ ಸಲ ಬಂದಿದ್ದರು. ಅಪ್ಪ ಶರಾವತಿಯ ವಿದ್ಯುದಾಗಾರದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು. ಅಮ್ಮನಿಗೆ ಮಂಡಿನೋವು. ಪ್ರವಾಸದ ಯೋಜನೆ ಹಾಕುವಾಗ ಇವೆರಡೂ ನನ್ನ ತಲೆಯಲ್ಲಿ ಇರಲೇ ಇಲ್ಲ. ತಲೆಯ ತುಂಬ ಇದ್ದದ್ದು, ಊರಿಗೆ ಹೋದ ಮೇಲೆ ಅವರು ಎಷ್ಟು ಜಾಗದ ಹೆಸರು ಹೇಳಬಹುದು ಎಂಬ ಲೆಕ್ಕ.

ಗ್ರ್ಯಾಂಡ್ ಕ್ಯಾನಿಯನ್ ಪಾರ್ಕಿನ ಒಳಗಿನ ಕೋಣೆಗಳು ಬೇಸಿಗೆಗೆ ತಿಂಗಳುಗಟ್ಟಲೆ ಮೊದಲೇ ಮುಗಿದುಹೋಗುತ್ತವೆ. ಮೂರು ವಾರ ದಿನಾ ರಾತ್ರಿ ಊಟ ಮುಗಿಸಿ ಕಂಪ್ಯೂಟರಿನ ಮುಂದೆ ಕೂತೆ. ಕೊನೆಗೊಂದು ದಿನ ಯಾರೋ ರದ್ದು ಮಾಡಿದ ಮರದ ಕೋಣೆಯೊಂದು ಎರಡು ರಾತ್ರಿಗೆ ಸಿಕ್ಕಿತು. ಕುಣಿದಾಡಿಬಿಟ್ಟೆ. ಕಾಯ್ದಿರಿಸಿದ ಪತ್ರದ ತಲೆಯಲ್ಲೇ ‘ನಾರ್ತ್ ರಿಮ್’, ಅಂದರೆ ಉತ್ತರದ ಅಂಚು, ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಓದಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ, ಓದಿದ್ದೆ. ದೇವಸ್ಥಾನಕ್ಕೆ ಉತ್ತರದ ಬಾಗಿಲು ಇರುವ ಹಾಗೆ ಇದೂ ಒಂದು ಬಾಗಿಲು, ಒಳಗೆ ಹೋದ ಮೇಲೆ ವಿಚಾರಿಸಿದರಾಯಿತು ಎಂದುಕೊಂಡಿದ್ದೆ.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಈ ತಪ್ಪನ್ನು ಪ್ರತಿ ವರ್ಷವೂ ಯಾರಾದರೂ ಮಾಡುತ್ತಾರೆ. ಆ ಕಂದರ 277 ಮೈಲಿ ಉದ್ದ, ಒಂದು ಮೈಲಿಯಷ್ಟು ಆಳ. ಎಲ್ಲರೂ ಫೋಟೋ ತೆಗೆಸಿಕೊಳ್ಳುವುದು ದಕ್ಷಿಣದ ಅಂಚಿನಲ್ಲಿ. ಅಲ್ಲಿಂದ ಉತ್ತರದ ಅಂಚಿಗೆ ಹಕ್ಕಿ ಹಾರಿದರೆ ಸುಮಾರು ಹತ್ತು ಮೈಲಿ. ಕಾರಿನಲ್ಲಿ ಸುಮಾರು 215 ಮೈಲಿ, ಅಂದರೆ ಐದು ಗಂಟೆ ಬೇಕು. ಪೂರ್ವಕ್ಕೆ ಕ್ಯಾಮರನ್ ತನಕ ಹೋಗಿ, ನದಿ ಕಿರಿದಾಗುವ ಮಾರ್ಬಲ್ ಕ್ಯಾನಿಯನ್‌ನಲ್ಲಿ ನವಾಹೋ ಸೇತುವೆ ದಾಟಿ, ಜೇಕಬ್ ಲೇಕ್ ಮುಟ್ಟಿ, ಅಲ್ಲಿಂದ ಮತ್ತೆ ದಕ್ಷಿಣಕ್ಕೆ ನಲವತ್ತು ಚಿಲ್ಲರೆ ಮೈಲಿ ಇಳಿಯಬೇಕು. ವೇಗಸ್‌ನಿಂದ ಹೊರಡುವವರಿಗೆ ಈ ಎರಡು ಅಂಚುಗಳ ದಾರಿ ಊರು ಬಿಡುವಾಗಲೇ ಬೇರೆ: ಒಂದು ಆಗ್ನೇಯಕ್ಕೆ ಕಿಂಗ್‌ಮನ್ ಕಡೆ, ಇನ್ನೊಂದು ಈಶಾನ್ಯಕ್ಕೆ ಸೇಂಟ್ ಜಾರ್ಜ್ ಕಡೆ. ನಾನು ಮೊಬೈಲಿನಲ್ಲಿ ಬರೀ ‘ಗ್ರ್ಯಾಂಡ್ ಕ್ಯಾನಿಯನ್’ ಎಂದು ಒತ್ತಿದೆ. ಅದು ಎಲ್ಲರನ್ನೂ ಕರೆದೊಯ್ಯುವ ದಕ್ಷಿಣಕ್ಕೆ ಕರೆದೊಯ್ಯಿತು. ತಪ್ಪು ನನಗೆ ಗೊತ್ತಾದದ್ದು ರಾತ್ರಿ ಎಂಟಕ್ಕೆ, ಆದದ್ದು ಬೆಳಗ್ಗೆ ಹತ್ತಕ್ಕೆ.

ದಕ್ಷಿಣದ ಅಂಚಿನ ಮೇದರ್ ಪಾಯಿಂಟ್‌ನಲ್ಲಿ ಸೂರ್ಯಾಸ್ತ ನೋಡಿದೆವು. ಅದರ ವರ್ಣನೆ ನಿಮಗೆ ಬೇಕಾದಷ್ಟು ಕಡೆ ಸಿಗುತ್ತದೆ, ಬಿಡಿ. ಆಮೇಲೆ ಕೋಣೆ ಎಲ್ಲಿ ಎಂದು ಪತ್ರ ಹಿಡಿದು ಕೇಳಿದರೆ, ಪಾರ್ಕಿನ ಸಿಬ್ಬಂದಿ ಹೆಂಗಸೊಬ್ಬರು ಅದನ್ನು ಎರಡು ಸಲ ಓದಿ, ಏನೂ ಹೇಳದೆ ಕಂದರದ ಆಚೆಗೆ ಬೆರಳು ತೋರಿಸಿದರು. ಎದುರು ಅಂಚಿನಲ್ಲಿ ನಾಲ್ಕಾರು ದೀಪಗಳು ಮಿಣುಕುತ್ತಿದ್ದವು. ನಾನು ಹಣ ಕಟ್ಟಿದ್ದ ಹಾಸಿಗೆ ಅಲ್ಲಿತ್ತು.

ಅಪ್ಪ ದೀಪಗಳನ್ನೇ ನೋಡುತ್ತ ಕೇಳಿದರು: “ಲಾಂಚ್ ಗೀಂಚ್ ಏನೂ ಇಲ್ಲವೇನೋ ಮಾರಾಯ?”

ಶರಾವತಿಯ ಹಿನ್ನೀರು ದಾಟಿ ಸಿಗಂದೂರಿಗೆ ಹೋದವರಿಗೆ ಆ ಪ್ರಶ್ನೆ ಅರ್ಥವಾಗುತ್ತದೆ. ಆಗೆಲ್ಲ ಕಣ್ಣಿಗೆ ಕಾಣುವ ದಡಕ್ಕೆ ಲಾಂಚ್ ತಪ್ಪಿದರೆ ಊರೆಲ್ಲ ಸುತ್ತಬೇಕಿತ್ತು. ಅಪ್ಪ ತಮಾಷೆಗೆ ಕೇಳಿರಲಿಲ್ಲ.

ಅರಿಝೋನ ಎಂದರೆ ಮರಳುಗಾಡು ಎಂದುಕೊಂಡು ಶಾಲುಗಳನ್ನು ಸೂಟ್‌ಕೇಸಿನ ತಳಕ್ಕೆ ತುಂಬಿದ್ದೆವು. ನಾವಿದ್ದ ದಕ್ಷಿಣದ ಅಂಚು ಏಳು ಸಾವಿರ ಅಡಿ ಎತ್ತರದಲ್ಲಿದೆ, ನಮ್ಮ ಮುಳ್ಳಯ್ಯನಗಿರಿಗಿಂತ ಮೇಲೆ. ಅಮ್ಮ ಹತ್ತಿಸೀರೆಯ ಸೆರಗು ಹೊದ್ದು ನಡುಗುತ್ತಿದ್ದರು. ಪಾರ್ಕಿನ ಹೊರಗಿನ ಟುಸಾಯನ್‌ನಲ್ಲಿ ಒಂದೂ ಕೋಣೆ ಇರಲಿಲ್ಲ. ಕೊನೆಗೆ ಎಂಬತ್ತು ಮೈಲಿ ಆಚೆ ಫ್ಲಾಗ್‌ಸ್ಟಾಫ್‌ನಲ್ಲಿ, ರಾತ್ರಿ ಹನ್ನೊಂದಕ್ಕೆ, ಒಂದು ಮೋಟೆಲಿನಲ್ಲಿ ಒಂದೇ ಮಂಚದ ಕೋಣೆ ಸಿಕ್ಕಿತು. ಅಮ್ಮ ಕಾಫಿಯ ಕಾಗದದ ಲೋಟಗಳಲ್ಲೇ ಮೊಸರವಲಕ್ಕಿ ಕಲಸಿ, ಮೇಲೆ ಚಟ್ನಿಪುಡಿ ಉದುರಿಸಿ ಕೊಟ್ಟರು. ನಾನು ನೆಲದ ಮೇಲೆ ಮಲಗಿದೆ. ಆಚೆ ಅಂಚಿನ ಎರಡು ರಾತ್ರಿಯ ಹಣ ಹೋಯಿತು. ರದ್ದು ಮಾಡುವ ಗಡುವು ಮುಗಿದಿತ್ತು, ನಿಯಮ ಪತ್ರದಲ್ಲೇ ಇತ್ತು.

ಉತ್ತರದ ದಾರಿಯ ಕಡೆಗಿದ್ದ ಜಾಯನ್ ಕೈಬಿಟ್ಟೆವು. ಬಂದ ದಾರಿಯಲ್ಲೇ ವೇಗಸ್ಸಿಗೆ ಹಿಂತಿರುಗಬೇಕಾಯಿತು.

ಇಲ್ಲೊಂದು ನಾಚಿಕೆಯ ವಿಷಯವಿದೆ. ಹೋಗುವಾಗಲೇ ಅಪ್ಪ ಹೂವರ್ ಅಣೆಕಟ್ಟಿನ ಫಲಕ ನೋಡಿ, “ಐದು ನಿಮಿಷ ನಿಲ್ಲಿಸಲು ಆಗುವುದೇ?” ಎಂದಿದ್ದರು. ಹೊತ್ತಿಲ್ಲ ಎಂದಿದ್ದೆ. ಹೆದ್ದಾರಿ ಈಗ ಅಣೆಕಟ್ಟಿನ ಮುಂದಿರುವ ಎತ್ತರದ ಸೇತುವೆಯ ಮೇಲೆ ಹಾಯುತ್ತದೆ. ಪಕ್ಕದ ಗೋಡೆ ಅಡ್ಡವಿರುವುದರಿಂದ ಕಾರಿನಲ್ಲಿ ಕೂತವರಿಗೆ ಅಣೆಕಟ್ಟು ಕಾಣುವುದೇ ಇಲ್ಲ. ಜೀವಮಾನವೆಲ್ಲ ಟರ್ಬೈನುಗಳ ನಡುವೆ ಕಳೆದ ಮನುಷ್ಯನನ್ನು ಅದರ ಎದುರಿನಿಂದಲೇ ಗೋಡೆ ತೋರಿಸಿಕೊಂಡು ಕರೆದೊಯ್ದಿದ್ದೆ.

ಹಿಂತಿರುಗುವಾಗ ನಿಲ್ಲಿಸಿದೆ. ಐದು ನಿಮಿಷ ಹೋಗಿ ಅರ್ಧ ದಿನವಾಯಿತು. ಲಿಫ್ಟಿನಲ್ಲಿ ಕೆಳಗಿಳಿದು ನೆವಾಡಾ ಬದಿಯ ಎಂಟು ಜನರೇಟರುಗಳನ್ನು ನೋಡಿದೆವು. ಅರಿಝೋನ ಬದಿಯಲ್ಲಿ ಇನ್ನೂ ಒಂಬತ್ತಿವೆ. ಅಪ್ಪ ಕಬ್ಬಿಣದ ಕಂಬಿಯ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ ನಿಂತರು. ಏನೆಂದು ಕೇಳಿದ್ದಕ್ಕೆ, “ಸದ್ದು ಸರಿ ಇದೆ” ಎಂದರು. ಮೇಲೆ ಬಂದ ಮೇಲೆ, ಗೋಪುರಗಳ ಮೇಲಿನ ಎರಡು ಗಡಿಯಾರಗಳಲ್ಲಿ ಒಂದು ನೆವಾಡಾ ಸಮಯಕ್ಕೆ, ಇನ್ನೊಂದು ಅರಿಝೋನ ಸಮಯಕ್ಕೆ ಎಂದು ವಿವರಿಸಿದೆ. ಬೇಸಿಗೆಯಲ್ಲಿ ಎರಡೂ ಒಂದೇ ಸಮಯ ತೋರಿಸುತ್ತವೆ. ಅಪ್ಪ ತಮ್ಮ ಕೈಗಡಿಯಾರವನ್ನೂ ನೋಡಿಕೊಂಡು ನಕ್ಕರು. ಅದರಲ್ಲಿ ಸಾಗರದ ಸಮಯವೇ ಇತ್ತು.

ಆದ್ದರಿಂದ ನಿಮ್ಮ ಪ್ರಶ್ನೆಯೇ ತಪ್ಪು ಎನ್ನುತ್ತೇನೆ, ಬೇಸರ ಬೇಡ. ನನ್ನ ಮೆಚ್ಚಿನ ಜಾಗಗಳ ಪಟ್ಟಿ ನಿಮಗೇಕೆ? ನನಗೆ ವಾಷಿಂಗ್ಟನ್ ರಾಜ್ಯದ ಹೋ ಮಳೆಕಾಡು ಎಂದರೆ ಪ್ರಾಣ. ವರ್ಷಕ್ಕೆ ಸುಮಾರು 140 ಇಂಚು ಮಳೆ, ಮರಕ್ಕೆಲ್ಲ ಪಾಚಿಯ ಕಂಬಳಿ. ಅಮ್ಮನನ್ನು ಕರೆದೊಯ್ದರೆ, “ಇದಕ್ಕೆ ಅಮೆರಿಕಕ್ಕೆ ಬರಬೇಕಿತ್ತೇ? ನಮ್ಮ ಬಚ್ಚಲಮನೆ ಹಿಂದೆ ಇದೇ ಇದೆ” ಎಂದರು. ಏನು ನೋಡಬೇಕೆಂದು ಕೇಳಿದರೆ ನಿಮ್ಮ ಅಪ್ಪ ಅಮ್ಮ, “ನೀನು ತೋರಿಸಿದ್ದನ್ನು ನೋಡುತ್ತೇವೆ” ಎನ್ನುತ್ತಾರೆ. ನಂಬಬೇಡಿ. ಅವರು ಜೀವಮಾನವಿಡೀ ಏನು ಮಾಡಿದರು ಎಂದು ಯೋಚಿಸಿ, ಅದರ ಹತ್ತಿರದ ಒಂದು ಜಾಗ ಹಿಡಿಯಿರಿ. ಅಲ್ಲೇ ನಾಲ್ಕು ದಿನ ಇರಿ.

ಇನ್ನು ಯೊಸೆಮಿಟಿ. ಆಗಸ್ಟಿನಲ್ಲಿ ಬೇಡವೇ ಬೇಡ. ಅಲ್ಲಿನ ಜಲಪಾತ 2,425 ಅಡಿ, ಜೋಗದ ಸುಮಾರು ಮೂರು ಪಟ್ಟು ಎತ್ತರ. ಆದರೆ ಅದು ಹಿಮ ಕರಗಿದ ನೀರು. ಎಷ್ಟೋ ವರ್ಷಗಳಲ್ಲಿ ಆಗಸ್ಟಿನ ಹೊತ್ತಿಗೆ ಬರೀ ಬಂಡೆ ಇರುತ್ತದೆ. ಮೇ ಕೊನೆಯಲ್ಲಿ ಹೋದರೆ ಕೆಳಗಿನ ಜಲಪಾತದ ತನಕ ಸಮತಟ್ಟಾದ ದಾರಿಯಿದೆ, ಮಂಡಿಗೂ ತೊಂದರೆಯಿಲ್ಲ. ಆಗಸ್ಟೇ ಆಗಬೇಕೆಂದರೆ ನಯಾಗರಕ್ಕೆ ಹೋಗಿ. 2019ರಲ್ಲಿ ನಾನು ಅಪ್ಪ ಅಮ್ಮನನ್ನು ಬೇರೆಲ್ಲಿಗೂ ಒಯ್ಯದೆ ಅಲ್ಲಿಗಷ್ಟೇ ಒಯ್ದೆ. ಅಮೆರಿಕ ಮತ್ತು ಕೆನಡಾದ 1950ರ ಒಪ್ಪಂದದ ಪ್ರಕಾರ, ಪ್ರವಾಸಿಗರ ಕಾಲದಲ್ಲಿ ಹಗಲು ಸೆಕೆಂಡಿಗೆ ಕನಿಷ್ಠ ಒಂದು ಲಕ್ಷ ಘನ ಅಡಿ ನೀರು ಜಲಪಾತಕ್ಕೆ ಬಿಡಬೇಕು, ಬೇರೆ ಹೊತ್ತಿನಲ್ಲಿ ಅದರ ಅರ್ಧ ಸಾಕು, ಉಳಿದದ್ದು ವಿದ್ಯುತ್ತಿಗೆ. “ಓ, ಇಲ್ಲೂ ಬಿಡುವುದೇ!” ಎಂದು ಅಪ್ಪನಿಗೆ ಎಷ್ಟು ಖುಷಿಯಾಯಿತೆಂದರೆ, ದೋಣಿ ಹತ್ತುವುದನ್ನೂ ಮರೆತರು. ವೇಗಸ್ ಬಗ್ಗೆ ಹೇಳುವುದು ಇಷ್ಟೇ: ವಿಮಾನ ಇಳಿಯಲು ಒಳ್ಳೆಯ ಊರು.

ಉತ್ತರದ ಅಂಚಿನ ಆಸೆ ಹುಟ್ಟಿದ್ದರೆ, ಅಲ್ಲಿನ ಲಾಡ್ಜ್ ಈಗ ಇಲ್ಲ. 2025ರ ಜುಲೈನ ಕಾಳ್ಗಿಚ್ಚಿನಲ್ಲಿ ಮುಖ್ಯ ಕಟ್ಟಡವೂ ಸುತ್ತಲಿನ ಹಲವು ಮರದ ಕೋಣೆಗಳೂ ಸುಟ್ಟುಹೋದವು. ಆ ಸುದ್ದಿ ಬಂದ ಮರುದಿನವೇ, ಜುಲೈ 14ರಂದು, ಸಿಗಂದೂರಿನ 2.44 ಕಿಲೋಮೀಟರ್ ಸೇತುವೆ ಉದ್ಘಾಟನೆಯಾಯಿತು. ಅಪ್ಪ ಫೋನ್ ಮಾಡಿ, “ನಮ್ಮ ಕಡೆ ಸೇತುವೆ ಆಯಿತು. ನಿನ್ನ ಆ ಕೋಣೆಗೆ?” ಎಂದು ಕಿಚಾಯಿಸಿದರು. ಅದು ಸುಟ್ಟುಹೋಯಿತಪ್ಪ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಹಾಗಾದರೆ ಆ ದುಡ್ಡು ಇನ್ನು ಬರುವುದಿಲ್ಲ ಅನ್ನು.”