ಕಲ್ಲಾಗಿಲ್ಲ, ದಣಿದಿದ್ದೀರಿ

ಓದುಗರ ಪತ್ರ: "ಐಸಿಯುವಿನಲ್ಲಿ ಒಂಬತ್ತು ವರ್ಷದಿಂದ ನರ್ಸ್ ಆಗಿದ್ದೇನೆ. ಹೋದ ತಿಂಗಳು ಒಬ್ಬ ಹುಡುಗ ತೀರಿಕೊಂಡ. ಅವನ ತಾಯಿ ನನ್ನ ಕೈ ಹಿಡಿದು ಅತ್ತರು. ನನಗೆ ಏನೂ ಅನ್ನಿಸಲಿಲ್ಲ. ಪಕ್ಕದ ಬೆಡ್‌ನ ಡ್ರಿಪ್ ಮುಗಿಯುತ್ತಾ ಬಂತಲ್ಲ ಅಂತ ಯೋಚಿಸ್ತಿದ್ದೆ. ಮನೆಗೆ ಬಂದರೆ ಮಗಳ ಮೇಲೆ ರೇಗುತ್ತೇನೆ. ಇನ್‌ಚಾರ್ಜ್ ಸಿಸ್ಟರ್ 'ಗಟ್ಟಿಯಾಗು' ಅನ್ನುತ್ತಾರೆ. ನಾನು ಕಲ್ಲಾಗಿಬಿಟ್ಟೆನಾ? ಹೆಸರು ಹಾಕಬೇಡಿ."

ಸಂಪಾದಕರ ಉತ್ತರ:

ಸಿಸ್ಟರ್, ಖಂಡಿತ ಇಲ್ಲ. ಇದು ನಿಮ್ಮ ಸ್ವಭಾವದ ದೋಷವಲ್ಲ, ಕೆಲಸ ಮಾಡಿದ ಗಾಯ. ಕಾರ್ಲಾ ಜಾಯಿನ್ಸನ್ ಎಂಬ ಅಮೆರಿಕದ ನರ್ಸ್ 1992ರಲ್ಲೇ ಇದರ ಬಗ್ಗೆ ಬರೆದರು, 'ಕಂಪ್ಯಾಷನ್ ಫಟೀಗ್' ಅಂದರು, ಅಂದರೆ ಕರುಣೆ ತೋರಿಸಿ ತೋರಿಸಿ ಬರುವ ದಣಿವು. ರೇಗುವುದು, ಮರಗಟ್ಟಿದ ಹಾಗೆ ಇರುವುದು, ಡ್ಯೂಟಿಗೆ ಹೊರಡುವಾಗಲೇ ಹೊಟ್ಟೆ ತೊಳಸುವುದು, ಎಲ್ಲ ಇದರದೇ ಲಕ್ಷಣ. ಜಾಸ್ತಿ ಮನಸ್ಸಿಟ್ಟು ನೋಡಿಕೊಳ್ಳುವವರಿಗೇ ಇದು ಹೆಚ್ಚಾಗಿ ಬರುತ್ತದೆ.

'ಗಟ್ಟಿಯಾಗು' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅಳುವನ್ನು ನುಂಗಿ ನುಂಗಿಯೇ ಅಲ್ವಾ ನೀವು ಇಲ್ಲಿಗೆ ಬಂದಿರುವುದು?

ಟಾನಿಯಾ ಸಿಂಗರ್ ಮತ್ತು ಓಲ್ಗಾ ಕ್ಲಿಮೆಕಿ ಎಂಬ ವಿಜ್ಞಾನಿಗಳು ಒಂದು ಪ್ರಯೋಗ ಮಾಡಿದರು. ಇನ್ನೊಬ್ಬರ ನೋವನ್ನು ತಮ್ಮದೇ ಎಂಬಂತೆ ಅನುಭವಿಸಲು ಕೆಲವರಿಗೆ ತರಬೇತಿ ಕೊಟ್ಟರು. ಅವರ ಮನಸ್ಸು ಕುಗ್ಗಿತು. ಆಮೇಲೆ ಅದೇ ಜನರಿಗೆ, ನೊಂದವರಿಗೆ ಒಳ್ಳೆಯದಾಗಲಿ ಎಂದು ಪ್ರೀತಿಯಿಂದ ಹಾರೈಸುವುದನ್ನು ಕಲಿಸಿದರು. ಕುಗ್ಗಿದ ಮನಸ್ಸು ಚೇತರಿಸಿಕೊಂಡಿತು. ನಿಮ್ಮ ವಾರ್ಡಿಗೆ ಇದು ನೇರವಾಗಿ ಸಲ್ಲುತ್ತದೆ. 'ಸತ್ತದ್ದು ನನ್ನ ಮಗುವೇ ಆಗಿದ್ದರೆ?' ಅಂತ ಪ್ರತಿ ಸಾವಿನಲ್ಲೂ ಕೇಳಿಕೊಂಡರೆ ಯಾರೂ ಉಳಿಯುವುದಿಲ್ಲ. 'ಈ ತಾಯಿಗೆ ಈಗ ಏನು ಬೇಕು?' ಅಂತ ಕೇಳಿಕೊಳ್ಳಿ. ಒಂದು ಕುರ್ಚಿ, ಒಂದು ಲೋಟ ನೀರು, ಮಗನ ಮುಖ ನೋಡಲು ಐದು ನಿಮಿಷ. ಅಷ್ಟು ಕೊಟ್ಟರೂ ಅದು ಕರುಣೆಯೇ. ನಿಮ್ಮ ಕಣ್ಣಲ್ಲಿ ನೀರು ಬರಲೇಬೇಕು ಅಂತೇನಿಲ್ಲ.

ಇನ್ನೊಂದು ವಿಷಯ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯ ನರ್ಸ್ ಜೊನಾಥನ್ ಬಾರ್ಟೆಲ್ಸ್ 'ದಿ ಪಾಝ್' (ಅಂದರೆ ಒಂದು ಚಿಕ್ಕ ವಿರಾಮ) ಎಂಬ ಪದ್ಧತಿ ಶುರುಮಾಡಿದರು. ರೋಗಿ ತೀರಿಕೊಂಡ ಮೇಲೆ ಡಾಕ್ಟರ್, ನರ್ಸ್ ಎಲ್ಲರೂ ಸುಮ್ಮನೆ ಒಂದು ನಿಮಿಷದಷ್ಟು ಹೊತ್ತು ಹಾಸಿಗೆಯ ಸುತ್ತ ನಿಲ್ಲುವುದು. ಆಮೇಲೆ ಮುಂದಿನ ಕೆಲಸ. ಖರ್ಚಿಲ್ಲ, ಆದೇಶ ಬೇಕಿಲ್ಲ. ನೀವೂ ಇನ್ನಿಬ್ಬರು ಸಿಸ್ಟರ್‌ಗಳೂ ಸೇರಿದರೆ ಸಾಕು. ಮುಂದಿನ ಪಾಳಿಯವರಿಗೆ ಹ್ಯಾಂಡೋವರ್ ಆದಮೇಲೆ ಜೊತೆಯಲ್ಲಿ ಟೀ ಕುಡಿಯುತ್ತಾ 'ಇವತ್ತು ಆ ಹುಡುಗನದು ತುಂಬಾ ಕಷ್ಟವಾಯ್ತು' ಅಂತ ಬಾಯಿಬಿಟ್ಟು ಹೇಳಿಕೊಳ್ಳಿ. ಮಗಳಿಗೂ ಹೇಳಿ, ಅಮ್ಮನಿಗೆ ಸುಸ್ತಾಗಿದೆ, ನಿನ್ನ ಮೇಲೆ ಸಿಟ್ಟಿಲ್ಲ ಅಂತ. ಮಕ್ಕಳಿಗೆ ಅರ್ಥವಾಗುತ್ತದೆ.

ಆದರೆ ಇಷ್ಟನ್ನೂ ನಿಮ್ಮೊಬ್ಬರ ತಲೆಗೇ ಕಟ್ಟುವುದು ಅನ್ಯಾಯ. ಐಸಿಯುವಿನಲ್ಲಿ ಒಬ್ಬ ರೋಗಿಗೆ ಒಬ್ಬ ನರ್ಸ್ ಇರಬೇಕು ಎನ್ನುವುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ನಿಮ್ಮಲ್ಲಿ ಒಬ್ಬರಿಗೆ ಎಷ್ಟು ಬೆಡ್ ಅಂತ ನೀವು ಬರೆದಿಲ್ಲ. ಪಕ್ಕದ ಬೆಡ್‌ನ ಡ್ರಿಪ್ಪೂ ನಿಮ್ಮದೇ ಜವಾಬ್ದಾರಿ ಅನ್ನುವುದಂತೂ ಪತ್ರದಲ್ಲೇ ಇದೆ. ಸಾಲುಸಾಲಾಗಿ ನೈಟ್ ಡ್ಯೂಟಿ ಹಾಕಿ, ವಾರದ ರಜೆಯನ್ನೂ ಕಿತ್ತುಕೊಂಡು, ವರ್ಷಕ್ಕೊಂದು ಯೋಗ ಶಿಬಿರ ಮಾಡಿದರೆ ಯಾವ ನರ್ಸೂ ಚೇತರಿಸಿಕೊಳ್ಳುವುದಿಲ್ಲ. ಇದನ್ನು ಓದುತ್ತಿರುವ ನರ್ಸಿಂಗ್ ಸೂಪರಿಂಟೆಂಡೆಂಟ್‌ಗಳಲ್ಲಿ ನನ್ನ ಕೋರಿಕೆ: ಸಾವು ಕಂಡ ಸಿಸ್ಟರ್‌ಗೆ ಹದಿನೈದು ನಿಮಿಷ ಬಿಡುವು ಕೊಡಿ. ಒಬ್ಬರನ್ನೇ ವರ್ಷಗಟ್ಟಲೆ ಐಸಿಯುವಿನಲ್ಲಿ ಇಡಬೇಡಿ.

ಸಿಸ್ಟರ್, ಕೆಲವು ತಿಂಗಳಿಗಾದರೂ ಬೇರೆ ವಾರ್ಡ್ ಕೇಳಿ, ಬರವಣಿಗೆಯಲ್ಲೇ ಕೇಳಿ. ನಿದ್ದೆ ಬಾರದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನೈಟ್ ಡ್ಯೂಟಿ ಮುಗಿಸಿ ಬಸ್ಸಿಗೆ ಕಾಯುವಾಗಲೂ ಮಾಡಬಹುದು.