ಎಫ್‌ಪಿಓಗೆ ಸ್ವಂತ ಸಾಫ್ಟ್‌ವೇರಾ, ತಿಂಗಳ ಬಾಡಿಗೆಯದಾ?

ಅಣ್ಣ, ಊರಿನ ಬಿಸಿಎ ಹುಡುಗನಿಗೆ 40,000 ಕೊಟ್ಟು ನಿಮ್ಮ ಎಫ್‌ಪಿಓಗೆ (ರೈತ ಉತ್ಪಾದಕ ಸಂಸ್ಥೆಗೆ) ಸಾಫ್ಟ್‌ವೇರ್ ಬರೆಸೋದಾ, ಇಲ್ಲ ತಿಂಗಳಿಗೆ 2,500 ಕಟ್ಟಿ ಬೆಂಗಳೂರಿನ ಕಂಪನಿಯದ್ದು ತಗೊಳ್ಳೋದಾ ಅಂತ ಕೇಳಿದ್ದೀರಿ. ಮೊದಲು ಆ 2,500ರಲ್ಲಿ ಜಿಎಸ್‌ಟಿ ಸೇರಿದೆಯಾ ಕೇಳಿ. ಸೇರಿಲ್ಲದಿದ್ದರೆ 18% ಹಾಕಿ ವರ್ಷಕ್ಕೆ 35,400 ಆಗುತ್ತದೆ. ಸ್ವಂತದ್ದೇ ಅಗ್ಗ ಅಂತ ಕಾಣುವುದು ಇಲ್ಲೇ.

ಆದರೂ ಲೆಕ್ಕಪತ್ರ ಮತ್ತು ಬಿಲ್ಲಿಂಗ್ ಭಾಗವನ್ನು ಹುಡುಗನ ಕೈಲಿ ಬರೆಸಲು ಹೋಗಬೇಡಿ, ಅದು ಬಾಡಿಗೆಯದ್ದೇ ಇರಲಿ. ನಿಮ್ಮದು ಕಂಪನಿ ಕಾಯ್ದೆಯಲ್ಲಿ ನೋಂದಣಿಯಾದ ಪ್ರೊಡ್ಯೂಸರ್ ಕಂಪನಿ ಅಲ್ವಾ? 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಎಡಿಟ್ ಲಾಗ್ ಇರಲೇಬೇಕು. ಯಾವ ಎಂಟ್ರಿ ಯಾವತ್ತು ತಿದ್ದಿದ್ದು ಅಂತ ದಾಖಲಾಗಬೇಕು, ಅದನ್ನು ಯಾರೂ ಆಫ್ ಮಾಡಲು ಬರಬಾರದು. ಆಡಿಟರ್ ಇದನ್ನು ವರದಿಯಲ್ಲಿ ಬರೆಯುತ್ತಾರೆ.

ದರ ಬದಲಾಗುವುದು ಇನ್ನೊಂದು ತಲೆನೋವು. 2025ರ ಸೆಪ್ಟೆಂಬರ್ 22ರಂದು ಹನಿ ನೀರಾವರಿ ಸಾಮಾನಿನ ಜಿಎಸ್‌ಟಿ 12%ರಿಂದ 5%ಕ್ಕೆ ಇಳಿಯಿತು. ಹೊಸ ಬಿಲ್ಲಿಗೆ 5 ಹಾಕಿದರೆ ಮುಗಿಯಲಿಲ್ಲ. ಅದಕ್ಕೆ ಮುಂಚೆ ಮಾರಿದ ಆ ಸಾಮಾನು ವಾಪಸ್ ಬಂದರೆ ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತ ಕಡಿಮೆ ಮಾಡಿ ಕೊಡುವ ಚೀಟಿ) ಹಳೇ 12%ರಲ್ಲೇ ಆಗಬೇಕು. ಹುಡುಗ ದರವನ್ನು ಪ್ರೋಗ್ರಾಮಿನ ಒಳಗೇ ಬರೆದಿದ್ದು, ಅಷ್ಟು ಹೊತ್ತಿಗೆ ಅವನಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿದ್ದರೆ, ಅವತ್ತು ಅಂಗಡಿಯಲ್ಲಿ ಕೂತವರ ಗತಿ ಏನು? ಇದನ್ನೆಲ್ಲ ನೋಡಿಕೊಳ್ಳುವುದಕ್ಕೇ ಬಾಡಿಗೆ ಕೊಡುವುದು.

ಕೊಬ್ಬರಿ ಖರೀದಿ ಬೇರೆ ವಿಷಯ. ಚೀಲದ ತೂಕ ಕಳೆಯಬೇಕು, ಕೌಟು (ಕೆಟ್ಟ ಕೊಬ್ಬರಿ) ಬಂದಿದ್ದನ್ನು ಬೇರೆ ಬರೆಯಬೇಕು, ಸದಸ್ಯರು ಸಾಲವಾಗಿ ಒಯ್ದ ಗೊಬ್ಬರದ ಹಣ ಮುರಿದುಕೊಂಡು ಉಳಿದದ್ದನ್ನು ಖಾತೆಗೆ ಹಾಕಬೇಕು. ನಿಮ್ಮ ಪದ್ಧತಿಯನ್ನು ಬೆಂಗಳೂರಿನವರಿಗೆ ಫೋನಿನಲ್ಲಿ ಅರ್ಥ ಮಾಡಿಸುವುದು ಕಷ್ಟ. ಹುಡುಗ ತಕ್ಕಡಿ ಪಕ್ಕ ಎರಡು ದಿನ ಕೂತರೆ ಸಾಕು. ಈ ಸಣ್ಣ ಭಾಗ ಅವನ ಕೈಲೇ ಮಾಡಿಸಿ, ದಿನದ ಒಟ್ಟು ಮೊತ್ತವನ್ನು ಲೆಕ್ಕದ ಸಾಫ್ಟ್‌ವೇರ್‌ಗೆ ಏರಿಸಿ. ಸದಸ್ಯರನ್ನು ಹೆಸರಿನಿಂದಲ್ಲ, ಷೇರು ಫೋಲಿಯೋ ನಂಬರಿನಿಂದ (ಷೇರು ಪುಸ್ತಕದಲ್ಲಿ ಅವರಿಗೆ ಕೊಟ್ಟ ಸಂಖ್ಯೆಯಿಂದ) ಹುಡುಕುವಂತೆ ಮಾಡಿಸಿ. ಒಂದೇ ಊರಲ್ಲಿ ಎಷ್ಟು ಜನ ರಂಗಪ್ಪ ಇರುತ್ತಾರೆ ಗೊತ್ತಲ್ಲ. ಸೋರ್ಸ್ ಕೋಡ್ (ಹುಡುಗ ಬರೆದ ಪ್ರೋಗ್ರಾಮಿನ ಮೂಲ ಬರಹ), ಪಾಸ್‌ವರ್ಡ್ ಎರಡೂ ಕಂಪನಿ ಹೆಸರಲ್ಲಿರಲಿ. ವರ್ಷದ ನಿರ್ವಹಣೆಗೆ ಎಷ್ಟು ಅಂತ ಈಗಲೇ ಬರೆಸಿಕೊಳ್ಳಿ. ಮೊದಲ ಸುಗ್ಗಿಯಲ್ಲಿ ಚೀಟಿ ಪುಸ್ತಕವೂ ಜೊತೆಗೆ ನಡೆಯಲಿ.

ಮುಂಬೈನ ಫ್ರಾಪೆಯವರ ಇಆರ್‌ಪಿನೆಕ್ಸ್ಟ್ ಅನ್ನುವ ಲೆಕ್ಕ-ಬಿಲ್ಲಿಂಗ್ ಸಾಫ್ಟ್‌ವೇರ್ ಓಪನ್ ಸೋರ್ಸ್, ಅಂದರೆ ಅದರ ಕೋಡ್ ಎಲ್ಲರಿಗೂ ತೆರೆದಿದೆ. ಸಾಫ್ಟ್‌ವೇರಿಗೆ ದುಡ್ಡಿಲ್ಲ, ಆದರೆ ಅದು ಓಡುವ ಸರ್ವರ್ ಕಂಪ್ಯೂಟರಿಗೂ ಅದನ್ನು ನೋಡಿಕೊಳ್ಳುವವರಿಗೂ ದುಡ್ಡು ಬೇಕು. ನಿಮ್ಮಲ್ಲಿ ಅಂಥ ಜನ ಇಲ್ಲದಿದ್ದರೆ ಸುಮ್ನೆ ಕೈ ಹಾಕಬೇಡಿ.

ಬಾಡಿಗೆಯವರ ಹತ್ತಿರ ಜಾಸ್ತಿ ಮಾತು ಬೇಡ, ಒಂದೇ ಪ್ರಶ್ನೆ ಕೇಳಿ: ನಾಳೆ ನಾವು ನಿಮ್ಮನ್ನು ಬಿಟ್ಟು ಹೋದರೆ ನಮ್ಮ ಪೂರ್ತಿ ಡೇಟಾ ಎಕ್ಸೆಲ್‌ನಲ್ಲಿ ಸಿಗುತ್ತದಾ? ಪಿಡಿಎಫ್ ಕೊಡುತ್ತೇವೆ ಅಂದರೆ ಒಪ್ಪಬೇಡಿ. ಅವರನ್ನು ಬಿಟ್ಟರೂ ಕಂಪನಿಯ ಲೆಕ್ಕದ ಪುಸ್ತಕಗಳನ್ನು 8 ವರ್ಷ ಇಟ್ಟಿರಬೇಕು. ಡೆಮೊಗೆ ಅವರ ಮಾದರಿ ಲೆಕ್ಕವೂ ಬೇಡ. ನಿಮ್ಮ ಅಂಗಡಿಯ ಒಂದು ದಿನದ ಬಿಲ್ಲುಗಳನ್ನು ಕೊಟ್ಟು, ಕೌಂಟರಿನಲ್ಲಿ ಕೂರುವವರ ಕೈಲೇ ಹಾಕಿಸಿ ನೋಡಿ.